ಶೂನ್ಯ ಎಂದರೆ ಯಾವ ಶೂನ್ಯ?

(ಬಳಗದ ತಿಂಗಳ ಕೂಟದಲ್ಲಿ ಆಡಿದ ಮಾತು)

ನಾನು ಡಾಕ್ಟರಲ್ಲ, ಕೋಡ್ ಬರೆಯುವವನು. ಇಲ್ಲಿ ನಿಂತಿರುವುದು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳೋದಕ್ಕೆ.

ಕಳೆದ ವರ್ಷ ಪರಿಚಯದ ಕೌನ್ಸೆಲರ್ ಒಬ್ಬರು ಹತ್ತು ಪ್ರಶ್ನೆಗಳ ಹಾಳೆಯೊಂದನ್ನು ಕನ್ನಡಕ್ಕೆ ಮಾಡಿಕೊಡಿ ಎಂದರು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇರಬಹುದೇ ಎಂದು ಮೊದಲ ಸುತ್ತಿನಲ್ಲಿ ಸೋಸಲು ಬಳಸುವ ಪ್ರಶ್ನಾವಳಿ. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಮೇರಿ ಜನಾರಿನಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಏಳು 'ಹೌದು' ಬಂದರೆ ತಜ್ಞರು ಕೂತು ಪರೀಕ್ಷಿಸಬೇಕು. ಕನ್ನಡದ ಕೆಲಸವಲ್ಲವೇ, ಹುಮ್ಮಸ್ಸಿನಿಂದ ಒಂದೇ ಸಂಜೆಯಲ್ಲಿ ಮುಗಿಸಿದೆ.

ಒಳಗೆಲ್ಲ ಸದಾ ಖಾಲಿ ಅನ್ನಿಸುತ್ತದೆಯೇ ಎಂಬ ಪ್ರಶ್ನೆಗೆ 'ಶೂನ್ಯ' ಎಂದು ಹಾಕಿದ್ದೆ. ಗೆಳೆಯನಿಂದ ಮರಳಿ ಇಂಗ್ಲಿಷಿಗೆ ಮಾಡಿಸಿದಾಗ ಮೂಲದ ಪದವೇ ಬಂತು. ಟೆಸ್ಟ್ ಪಾಸ್! ಊರಿಂದ ಬಂದಿದ್ದ ನಮ್ಮತ್ತೆಗೆ ಓದಿ ಹೇಳಿದೆ. "ಅಷ್ಟು ಮೇಲಕ್ಕೆ ನಾನೆಲ್ಲಿ ಏರಿದೀನಿ ಅಳಿಯಂದ್ರೇ, ಅದು ಅಲ್ಲಮನಂಥವರಿಗೆ" ಎಂದರು. ಮಗಳು ಇಲ್ಲಿಗೆ ಬಂದಮೇಲೆ ಹೇಗನ್ನಿಸಿತು ಎಂದರೆ, "ಮನೆ ಬಿಕೋ ಅಂತಿತ್ತು." ಅದು ಅಗಲಿಕೆಯ ದುಃಖ; ಪ್ರಶ್ನೆ ಹುಡುಕುವ ಟೊಳ್ಳುತನ ಬೇರೆಯದೇ. ನಾನು ಯಾರೆಂದೇ ತಿಳಿಯದು ಎಂಬ ಪ್ರಶ್ನೆಗೆ ಮಾತ್ರ ತಟ್ಟನೆ ಹೌದು ಎಂದರು. ಅವರು ದಿನಾ ಸಂಜೆ ವೇದಾಂತದ ಪ್ರವಚನ ಕೇಳುತ್ತಾರೆ!

ನಗಬೇಡಿ. ಬದುಕು ಸಾಕು ಎನಿಸಿದವರನ್ನು ಹುಡುಕುವ ಹಾಳೆ ಇದು. ಮೈ ಕೊಯ್ದುಕೊಂಡಿದ್ದೀರಾ ಎಂದು ಅಮ್ಮ ಪಕ್ಕದಲ್ಲೇ ಕೂತಿರುವಾಗ ಕೇಳಿದರೆ ಯಾವ ಹುಡುಗಿ ಹೌದು ಎನ್ನುತ್ತಾಳೆ?

ಮೂಲ ಅಧ್ಯಯನದಲ್ಲಿದ್ದವರು 200 ಮಂದಿ. ಕಾಯಿಲೆ ಇದ್ದವರಲ್ಲಿ ಶೇಕಡಾ 81 ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಶೇಕಡಾ 85 ಮಂದಿಯನ್ನು ಬಿಟ್ಟಿತು. ಈಗ 1000 ಕನ್ನಡಿಗರಲ್ಲಿ 20 ಮಂದಿಗೆ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಹಾಳೆ ಇಂಗ್ಲಿಷಿನಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಹಿಡಿಯುವುದು 16 ಮಂದಿಯನ್ನು. ಜೊತೆಗೆ ಏನೂ ಇಲ್ಲದ 147 ಮಂದಿಯೂ ಸಿಕ್ಕಿಬೀಳುತ್ತಾರೆ. ಅವರಲ್ಲಿ ಮದುವೆ ಮಾತುಕತೆ ನಡೆದಿರುವ ಹೆಣ್ಣುಮಕ್ಕಳೂ ಇರುತ್ತಾರೆ.

ಹಾಗಾಗಿ ಅನುವಾದ ಮೊದಲ ಮೆಟ್ಟಿಲು ಮಾತ್ರ. ಆಮೇಲೆ ಉತ್ತರಿಸಿದವರನ್ನೇ, ಅವರ ಅಂಕ ಗೊತ್ತಿಲ್ಲದ ಮನೋವೈದ್ಯರು ಕನ್ನಡದಲ್ಲೇ ಕೂರಿಸಿ ಮಾತಾಡಿಸಬೇಕು. ಎರಡನ್ನೂ ಹೋಲಿಸಬೇಕು. ನಮ್ಮಲ್ಲಿ ಗೆರೆ ಏಳಕ್ಕೇ ಬೀಳುತ್ತದೋ, ಆರಕ್ಕೋ ಎಂಟಕ್ಕೋ ಹೊಸದಾಗಿ ನೋಡಬೇಕು. ಕಾಯಿಲೆಯ ಹೆಸರೇ ಎಲ್ಲೆಡೆ ಒಂದಲ್ಲ: ಚೀನಾದ 2001ರ ಮನೋರೋಗ ಪಟ್ಟಿಯಲ್ಲಿ 'ಬಾರ್ಡರ್‌ಲೈನ್' ಇರಲಿಲ್ಲ, 'ಇಂಪಲ್ಸಿವ್' ಇತ್ತು.

ಆ ಹಾಳೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ. ಈಗ ಬೇಕಿರುವುದು ಅನುವಾದಕರಲ್ಲ, ಕೇಳುವ ಕಿವಿಗಳು. ಧಾರವಾಡ, ಮಂಗಳೂರು, ಕಲಬುರಗಿ, ಮೈಸೂರು ಕಡೆಯ ಹಿರಿಯರು ನಿಮ್ಮ ಮನೆಗೆ ಬಂದಿದ್ದರೆ ಭಾನುವಾರ ನಮ್ಮಲ್ಲಿಗೆ ಕರೆತನ್ನಿ. ಅವರಿಗೆ ಅಂಕ ಹಾಕುವುದಿಲ್ಲ. ಒಂದೊಂದೇ ಪ್ರಶ್ನೆ ಓದಿ, ಏನು ಅರ್ಥವಾಯಿತು ಎಂದಷ್ಟೇ ಕೇಳಿ ಬರೆದುಕೊಳ್ಳೋಣ. ತಿಂಡಿಯ ಹೊಣೆ ಅತ್ತೆಯದು.