ಯಾವ ಊರಿನ ಮಗ?



ನಿಮ್ಮದು ಯಾವ ಊರು ಅಂತ ಕೇಳಿದರೆ ನಾವು ಹೆಂಗಸರು ಎರಡು ಊರು ಹೇಳ್ತೀವಿ. ಒಂದು ತವರೂರು. ಇನ್ನೊಂದು ಗಂಡನ ಊರು. ಚನ್ನಗಿರಿಯಲ್ಲಿ ಹುಟ್ಟಿದವಳು ಹೊನ್ನಾಳಿಗೆ ಸೊಸೆಯಾಗಿ ಬರುತ್ತಾಳೆ. ನ್ಯಾಮತಿಯವಳು ಜಗಳೂರಿಗೆ ಹೋಗುತ್ತಾಳೆ. ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೋಗುವುದೂ ಉಂಟು. ಹೋದ ಕಡೆ ಜನ "ಇವರು ಹೊರಗಿನವರು" ಅಂತಾರೆ. ಆ ಮಾತು ಮನಸ್ಸಿಗೆ ಚುಚ್ಚುತ್ತದೆ, ಅಲ್ವಾ?

ಇವತ್ತು ಹೊರಗಿನಿಂದ ಬಂದ ಒಂದು ಮನೆಯ ಮಗನ ಕಥೆ ಹೇಳ್ತೀನಿ. ಇದು ನಿಜವಾಗಿ ನಡೆದದ್ದು.

ಆ ಮಗನ ಹೆಸರು ಸಂದೀಪ್ ಉನ್ನಿಕೃಷ್ಣನ್. ಹುಟ್ಟಿದ್ದು 1977ರಲ್ಲಿ. ಮನೆಯವರು ಕೇರಳದ ಕಲ್ಲಿಕೋಟೆ ಕಡೆಯವರು. ಬೆಂಗಳೂರಿಗೆ ಬಂದು ನೆಲೆಸಿದರು. ತಂದೆ ಉನ್ನಿಕೃಷ್ಣನ್, ತಾಯಿ ಧನಲಕ್ಷ್ಮಿ. ಅವರಿಗೆ ಒಬ್ಬನೇ ಮಗ. ಸಂದೀಪ್ ಬೆಂಗಳೂರಲ್ಲೇ ಓದಿದರು. 1999ರಲ್ಲಿ ಸೈನ್ಯದ ಅಧಿಕಾರಿಯಾದರು. ಮುಂದೆ ಮೇಜರ್ ಆದರು. ಉಗ್ರಗಾಮಿಗಳನ್ನು ಎದುರಿಸುವ ಕಮಾಂಡೊ ಪಡೆಗೆ ಸೇರಿದರು.

2008ರ ನವೆಂಬರ್ 26ರ ರಾತ್ರಿ ಉಗ್ರಗಾಮಿಗಳು ಮುಂಬೈಗೆ ನುಗ್ಗಿದರು. ಕಂಡಕಂಡವರ ಮೇಲೆ ಗುಂಡು ಹಾರಿಸಿದರು. ಆ ದಾಳಿಯಲ್ಲಿ 166 ಜನ ಸತ್ತರು. ತಾಜ್ ಎಂಬ ದೊಡ್ಡ ಹೋಟೆಲಿನಲ್ಲಿ ನೂರಾರು ಜನ ಸಿಕ್ಕಿಬಿದ್ದರು. ಅವರನ್ನು ಬಿಡಿಸಲು ಸಂದೀಪ್ ತಮ್ಮ ತಂಡದ ಜೊತೆ ಒಳಗೆ ಹೋದರು. ತಂಡದ ಒಬ್ಬರಿಗೆ ಗುಂಡು ತಗುಲಿತು. ಸಂದೀಪ್ ಮೊದಲು ಅವರನ್ನು ಹೊರಗೆ ಸಾಗಿಸಿದರು. ಆಮೇಲೆ ಉಗ್ರಗಾಮಿಗಳ ಬೆನ್ನು ಹತ್ತಿದರು. ನೀವು ಮೇಲೆ ಬರಬೇಡಿ ಎಂದು ಜೊತೆಯವರನ್ನು ತಡೆದರು. ತಾವೊಬ್ಬರೇ ಹೋದರು. ನವೆಂಬರ್ 28ರಂದು ಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು 31.

2009ರ ಜನವರಿ 26ರಂದು ಸರ್ಕಾರ ಅವರಿಗೆ ಅಶೋಕ ಚಕ್ರ ಕೊಟ್ಟಿತು. ದೆಹಲಿಯಲ್ಲಿ ಅದನ್ನು ತಾಯಿ ಧನಲಕ್ಷ್ಮಿ ತಗೊಂಡರು. ಕೈಗೆ ಪದಕ ಬಂತು. ಮಗ ಬರಲಿಲ್ಲ. ಆ ಸಂಕಟ ಎಂಥದ್ದು ಅಂತ ಹೆತ್ತ ನಿಮಗೆ ನಾನು ಹೇಳಬೇಕಿಲ್ಲ.

ಆಮೇಲೆ ತಂದೆ ಮಗನ ಬ್ಯಾಂಕಿನ ಲೆಕ್ಕ ನೋಡಿದರು. ಸಂಬಳ ಚೆನ್ನಾಗಿಯೇ ಇತ್ತು. ಉಳಿದಿದ್ದ ದುಡ್ಡು ಮಾತ್ರ ಕಡಿಮೆ. ಹಲವು ಸೇವಾ ಸಂಸ್ಥೆಗಳಿಗೆ ಮಗ ದುಡ್ಡು ಕೊಡುತ್ತಿದ್ದ ಎಂದು ತಂದೆ ಹೇಳಿದ್ದಾರೆ. ಸಂದೀಪ್ ಸತ್ತ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಅವರು ಬದುಕಿದ ರೀತಿ ಆ ಲೆಕ್ಕದಲ್ಲಿ ಬರೆದಿತ್ತು.

ಈಗ ಹೇಳಿ, ಸಂದೀಪ್ ಯಾವ ಊರಿನ ಮಗ? ಮೂಲ ಕೇರಳ. ಬೆಳೆದದ್ದು ನಮ್ಮ ಕರ್ನಾಟಕದಲ್ಲಿ. ಜೀವ ಕೊಟ್ಟದ್ದು ಮುಂಬೈಯಲ್ಲಿ, ಗುರುತಿಲ್ಲದ ಜನರಿಗಾಗಿ. ನೀವು ಯಾವ ಊರಿನವರು ಅಂತ ಅವರು ಯಾರನ್ನೂ ಕೇಳಲಿಲ್ಲ.

ನಾವೆಲ್ಲ ಬಂದೂಕು ಹಿಡಿಯಬೇಕಿಲ್ಲ. ನಿಮ್ಮ ಬೀದಿಗೆ ಹೊಸ ಸೊಸೆ ಬಂದರೆ ಹೊರಗಿನವಳು ಅನ್ನಬೇಡಿ. ಗುಳೆ ಬಂದವರ ಮಗು ಬಾಗಿಲಲ್ಲಿ ನಿಂತರೆ ಓಡಿಸಬೇಡಿ. ಆ ತಾಯಿಗೆ ಓದು ಬರದಿದ್ದರೆ ನಾಳೆ ನಮ್ಮ ಕಲಿಕಾ ಕೇಂದ್ರಕ್ಕೆ ಕರಕೊಂಡು ಬನ್ನಿ.

ಬೆಂಗಳೂರಿನ ಯಲಹಂಕದಲ್ಲಿ ಒಂದು ರಸ್ತೆಗೆ ಸಂದೀಪ್ ಅವರ ಹೆಸರಿಟ್ಟಿದ್ದಾರೆ. ಆ ಕಡೆ ಹೋದರೆ ಬೋರ್ಡು ಹುಡುಕಿ. ಏನು ಬರೆದಿದೆ ಅಂತ ಯಾರನ್ನೂ ಕೇಳಬೇಡಿ. ನೀವೇ ಓದಿ.