ಬಾಟಲಿಯಲ್ಲಿ ಹೂವಿಲ್ಲ, ಆದ್ರೂ ಹೂವಿನ ಪರಿಮಳ

ಫೆಬ್ರವರಿ, ಮಾರ್ಚ್ ಬಂದ್ರೆ ಬೆಂಗಳೂರಿನವರ ಫೋನ್ ತುಂಬಾ ಗುಲಾಬಿ ಬಣ್ಣದ ಟಬೂಬಿಯಾ ಫೋಟೋಗಳೇ. ಕಣ್ಣಿಗೆ ಹಬ್ಬ, ಮೂಗಿಗೆ ಮಾತ್ರ ಉಪವಾಸ. ಇವತ್ತು ಹೇಳ್ತಿರೋದು ಇನ್ನೊಂದು ಥರದ ಹೂವಿನ ಬಗ್ಗೆ. ಇದಕ್ಕೆ ಒಳ್ಳೆ ಪರಿಮಳ ಇದೆ, ಆದ್ರೆ ಅದನ್ನ ಯಾರಿಗೂ ಬಿಟ್ಟುಕೊಡಲ್ಲ.

ಹೆಸರು ಲಿಲಿ ಆಫ್ ದ ವ್ಯಾಲಿ. ಫ್ರೆಂಚರು ಮುಗೆ ಅಂತಾರೆ. ಬಾಗಿದ ದಂಟಿನಲ್ಲಿ ಪುಟ್ಟ ಬಿಳಿ ಗಂಟೆಗಳು ಸಾಲಾಗಿ ತೂಗಿದ ಹಾಗೆ ಕಾಣುತ್ತೆ. ಫ್ರಾನ್ಸ್‌ನಲ್ಲಿ ಮೇ 1ರಂದು ಇದರ ಒಂದು ಕಡ್ಡಿ ಕೊಟ್ಟು ಶುಭ ಹಾರೈಸ್ತಾರೆ.

ನಮ್ಮ ಮಲ್ಲಿಗೆಯಿಂದ ಸುಗಂಧದ ಸಾರ ತೆಗೀಬಹುದು, ತಮಿಳುನಾಡಿನಲ್ಲಿ ತೆಗೀತಾರೆ ಕೂಡ. ಮುಗೆಯಿಂದ ಪರ್ಫ್ಯೂಮ್‌ಗೆ ಒದಗುವಂಥ ಎಣ್ಣೆ ಸಿಗಲ್ಲ. ಹಾಗಾಗಿ ಎಡ್ಮಂಡ್ ರುಡ್ನಿಟ್ಸ್ಕಾ ಅನ್ನೋ ಪರ್ಫ್ಯೂಮ್ ತಯಾರಕ ತನ್ನ ತೋಟದಲ್ಲೇ ಆ ಗಿಡ ಬೆಳೆಸಿ, ಮೂಸಿ ಮೂಸಿ ಅಭ್ಯಾಸ ಮಾಡಿದ. ಆಮೇಲೆ ಬೇರೆ ಬೇರೆ ಪದಾರ್ಥ ಸೇರಿಸಿ ಆ ಪರಿಮಳವನ್ನ ಕಟ್ಟಿದ. 1956ರಲ್ಲಿ ಬಂದ ಆ ಪರ್ಫ್ಯೂಮೇ ಡಿಯೋರಿಸ್ಸಿಮೊ.

ಮಣಿಕಟ್ಟಿಗೆ ಹಾಕಿಕೊಂಡಾಗ ನನಗೆ ಮೊದಲು ಸಿಕ್ಕಿದ್ದು ಹೂವಲ್ಲ, ಎಲೆ. ನೀರು ಚಿಮುಕಿಸಿದ ತಣ್ಣನೆ ಹಸಿರು. ಐದು ನಿಮಿಷಕ್ಕೆ ಬಿಳಿ ಹೂ ಬಂತು, ಒಗೆದು ಒಣಗಿಸಿದ ಬಟ್ಟೆಯಷ್ಟು ಶುಭ್ರ. ಗಂಟೆ ಕಳೆದ ಮೇಲೆ ಜಾಜಿ ಎದ್ದಿತು, ರಾತ್ರಿಯೆಲ್ಲ ಮುಡಿದು ಬಾಡಿದ ಜಾಜಿ. ಆ ಸ್ವಲ್ಪ ಕೊಳೆತ ಘಾಟು ಇರೋದಕ್ಕೇ ಇದು ರೂಮ್ ಫ್ರೆಶ್ನರ್ ಥರ ಅನ್ನಿಸಲಿಲ್ಲ. ಬಾಡೋದು ಗೊತ್ತಿರೋ ಹೂವು ಅನ್ನಿಸ್ತು.

ಹಾಗಾದ್ರೆ ಇದು ನಕಲಿನಾ? ನನಗೆ ಹಾಗನ್ನಿಸಲ್ಲ. ಹೂವನ್ನ ನೋಡ್ತಾ ಬರೆದ ಚಿತ್ರಕ್ಕೆ ನಕಲಿ ಹೂವು ಅಂತ ಯಾರೂ ಹೇಳಲ್ಲ.

ಬೇಜಾರಿನ ವಿಷಯ ಅಂದ್ರೆ ಈ ಚಿತ್ರವೂ ಮಾಸುತ್ತೆ. ಮುಗೆ ಪರಿಮಳಕ್ಕೆ ಮುಖ್ಯವಾದ ಹೈಡ್ರಾಕ್ಸಿಸಿಟ್ರೊನೆಲಾಲ್‌ಗೆ ಅಲರ್ಜಿ ಕಾರಣಕ್ಕೆ ಮಿತಿ ಬಂತು. ಇಂಥದ್ದೇ ಇನ್ನೊಂದು ಪದಾರ್ಥ ಲಿಲಿಯಲ್. ಸಂತಾನಶಕ್ತಿಗೆ ಹಾನಿ ಆಗಬಹುದು ಅಂತ ಯುರೋಪಿಯನ್ ಒಕ್ಕೂಟ 2022ರ ಮಾರ್ಚ್‌ನಿಂದ ಅದನ್ನ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಚರ್ಮ, ಆರೋಗ್ಯ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇವತ್ತಿನ ಬಾಟಲಿಯಲ್ಲಿ 1956ರ ವಸಂತ ಹಾಗೇ ಕೂತಿದೆ ಅಂದ್ಕೋಬೇಡಿ.

ಅದಕ್ಕೇ ಈ ವಾರ ಒಂದು ಕೆಲಸ. ಯುಗಾದಿ ಆಸುಪಾಸಲ್ಲಿ ಹೊಂಗೆ ಹೂ ಫುಟ್‌ಪಾತ್ ಮೇಲೆ ಉದುರಿರುತ್ತೆ. ಫೋಟೋ ಆಮೇಲೆ ತೆಗೀರಿ. ಮೊದಲು ಒಂದು ಹಿಡಿ ಎತ್ಕೊಂಡು ಮೂಸಿ ನೋಡಿ. ಹೇಗಿತ್ತು ಅಂತ ನಿಮ್ಮದೇ ಮಾತಲ್ಲಿ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಸಿಗೋಣ.