ನಿಲ್ಟನ್ ಸಾಂಟೊಸ್: ಮುನ್ನುಗ್ಗಿ ಆಡಿದ ರಕ್ಷಕ

ಬ್ರೆಜಿಲ್ ಫುಟ್‌ಬಾಲ್ ತಂಡದ ಎಡಬದಿಯನ್ನು ಕಾಯುತ್ತಿದ್ದ ನಿಲ್ಟನ್ ಸಾಂಟೊಸ್ ಅವರ ಹಿರಿಮೆಯನ್ನು ತಿಳಿಯಬೇಕಾದರೆ, ಅವರು ಆಟಕ್ಕಿಳಿದ ಕಾಲದಲ್ಲಿ ‘ಫುಲ್‌ಬ್ಯಾಕ್’ಗೆ ಎಷ್ಟು ಕಿರಿದಾದ ಕೆಲಸವನ್ನು ಕೊಡಲಾಗುತ್ತಿತ್ತು ಎಂಬುದನ್ನು ಮೊದಲು ಗಮನಿಸಬೇಕಾಗುತ್ತದೆ. ಗೋಲ್‌ಕೀಪರನ ಮುಂದೆ ಎಡಕ್ಕೋ ಬಲಕ್ಕೋ ನಿಂತು, ಅಂಚಿನ ಗೆರೆಯ ಪಕ್ಕದಲ್ಲಿ ಓಡಿಬರುವ ಎದುರಾಳಿಯನ್ನು, ಅಂದರೆ ವಿಂಗರನನ್ನು, ತಡೆಯುವುದು ಮತ್ತು ಸಿಕ್ಕಿದ ಚೆಂಡನ್ನು ದೂರಕ್ಕೆ ಒದ್ದುಬಿಡುವುದು, ಇಷ್ಟೇ ಅವನ ಪಾಲಿನ ಕರ್ತವ್ಯವೆಂದು ತರಬೇತುದಾರರು ಭಾವಿಸಿದ್ದರು. ಮೈದಾನದ ಮಧ್ಯಗೆರೆಯನ್ನು ದಾಟಿದವನು ಕಾವಲು ಬಿಟ್ಟು ಹೋದವನೆನಿಸಿಕೊಳ್ಳುತ್ತಿದ್ದನು.

1925ರಲ್ಲಿ ರಿಯೊ ಡಿ ಜನೈರೊದ ಗವರ್ನಡಾರ್ ದ್ವೀಪದಲ್ಲಿ ಹುಟ್ಟಿದ ಸಾಂಟೊಸ್, ಅದೇ ನಗರದ ಬೊಟಾಫೊಗೊ ಕ್ಲಬ್ಬನ್ನು 1948ರಲ್ಲಿ ಸೇರಿದಾಗ ಮುಂಚೂಣಿಯ ಆಟಗಾರರಾಗಿದ್ದರು. ಅವರನ್ನು ರಕ್ಷಣೆಗೆ ತಂದು ನಿಲ್ಲಿಸಿದ್ದು ಕ್ಲಬ್ಬು. ಗೋಲು ಹೊಡೆಯುವವನ ಕಣ್ಣು ರಕ್ಷಕನಿಗೆ ದೊರೆತಂತಾದ ಈ ಬದಲಾವಣೆಯೇ ಅವರ ಆಟದ ವೈಶಿಷ್ಟ್ಯಕ್ಕೆ ಮೂಲವೆಂದು ತೋರುತ್ತದೆ. ಎದುರಾಳಿಯ ಕಾಲಿಗೆ ಎರಗುವ ಬದಲು ಅವನ ಮುಂದಿನ ನಡೆಯನ್ನು ಮೊದಲೇ ಊಹಿಸಿ ಚೆಂಡನ್ನು ಕಸಿಯುತ್ತಿದ್ದ, ಕಸಿದ ಚೆಂಡನ್ನು ಒದ್ದೊಗೆಯದೆ ಜೊತೆಗಾರನಿಗೆ ಒಪ್ಪವಾಗಿ ದಾಟಿಸುತ್ತಿದ್ದ ಅವರನ್ನು ಬ್ರೆಜಿಲಿನವರು ಫುಟ್‌ಬಾಲಿನ ವಿಶ್ವಕೋಶವೆಂದು ಕರೆದರು. 1964ರಲ್ಲಿ ನಿವೃತ್ತರಾಗುವವರೆಗೂ ಅವರು ಬೇರೆ ಯಾವ ಕ್ಲಬ್ಬಿಗೂ ಆಡಲಿಲ್ಲ.

1950ರ ವಿಶ್ವಕಪ್ ತಂಡದಲ್ಲಿದ್ದರೂ ಒಂದು ಪಂದ್ಯದಲ್ಲೂ ಅವರಿಗೆ ಅವಕಾಶ ಸಿಗಲಿಲ್ಲ. 1954ರಲ್ಲಿ ಬರ್ನ್ ನಗರದಲ್ಲಿ ಹಂಗೇರಿಯ ವಿರುದ್ಧ ನಡೆದ ಒರಟು ಪಂದ್ಯದಲ್ಲಿ ಎದುರಾಳಿ ಆಟಗಾರ ಬೊಜಿಕ್ ಅವರೊಡನೆ ಕೈಕೈ ಮಿಲಾಯಿಸಿ ಮೈದಾನದಿಂದ ಹೊರಹಾಕಿಸಿಕೊಂಡರು. ಅವರ ಆಟಕ್ಕೆ ತಕ್ಕ ವ್ಯವಸ್ಥೆ ಒದಗಿದ್ದು 1958ರಲ್ಲಿ, ಸ್ವೀಡನ್ನಿನಲ್ಲಿ. ಅಲ್ಲಿ ಬ್ರೆಜಿಲ್ ಅನುಸರಿಸಿದ 4-2-4 ಪದ್ಧತಿಯಲ್ಲಿ, ಅಂದರೆ ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ನಿಲ್ಲುವ ಏರ್ಪಾಟಿನಲ್ಲಿ, ಎಡಬದಿಯ ವಿಂಗರ್ ಜಗಾಲೊ ಆಗಾಗ ಹಿಂದಕ್ಕೆ ಸರಿದು ಮಧ್ಯಮೈದಾನಕ್ಕೆ ನೆರವಾಗುತ್ತಿದ್ದುದರಿಂದ, ಸಾಂಟೊಸ್ ಮುಂದೆ ಹೋದಾಗ ಅವರ ಬೆನ್ನ ಹಿಂದಿನ ಜಾಗ ಪೂರಾ ಬರಿದಾಗುತ್ತಿರಲಿಲ್ಲ. ಆಸ್ಟ್ರಿಯದ ವಿರುದ್ಧದ ಮೊದಲ ಪಂದ್ಯದಲ್ಲಿ ಅವರು ತಮ್ಮ ಅರ್ಧದಿಂದ ಚೆಂಡನ್ನು ಕೊಂಡೊಯ್ದು, ಜೊತೆಗಾರ ಮಜೋಲಾ ಅವರಿಗೆ ಕೊಟ್ಟು, ಮರಳಿ ಪಡೆದು, ಗೋಲು ಹೊಡೆದೇಬಿಟ್ಟರು. ಅವರು ಗೆರೆ ದಾಟುವುದನ್ನು ಕಂಡು ಗಾಬರಿಯಾದ ತರಬೇತುದಾರ ಫಿಯೊಲಾ, ಹಿಂದಕ್ಕೆ ಬಾ ಎಂದು ಉದ್ದಕ್ಕೂ ಕೂಗುತ್ತಿದ್ದವರು, ಚೆಂಡು ಬಲೆ ಸೇರಿದೊಡನೆ ಶಭಾಷ್ ಎಂದರೆಂದು ಬ್ರೆಜಿಲಿನಲ್ಲಿ ಹೇಳುವುದುಂಟು. ರಕ್ಷಕರು ಹೀಗೆ ಮುನ್ನುಗ್ಗಿದರೂ ಸೆಮಿಫೈನಲ್‌ವರೆಗೆ ಬ್ರೆಜಿಲ್ ಒಂದು ಗೋಲನ್ನೂ ಬಿಟ್ಟುಕೊಡದೆ, ಕೊನೆಗೆ ಮೊದಲ ಬಾರಿಗೆ ವಿಶ್ವಕಪ್ ಗೆದ್ದದ್ದು ಗಮನಾರ್ಹ.

ಆ ತಂಡದ ಬಲಬದಿಯ ವಿಂಗರ್ ಗರಿಂಚಾ ಬೊಟಾಫೊಗೊಗೆ ಬಂದದ್ದರಲ್ಲೂ ಸಾಂಟೊಸ್ ಅವರ ಪಾತ್ರವಿದೆಯೆಂಬುದು ಪ್ರಸಿದ್ಧ. 1953ರ ಪರೀಕ್ಷಾ ಆಟದಲ್ಲಿ, ಕಾಲುಗಳು ಸೊಟ್ಟಗಿದ್ದ ಆ ಅಪರಿಚಿತ ಯುವಕ ಚೆಂಡನ್ನು ಸಾಂಟೊಸ್ ಅವರ ಕಾಲುಗಳ ನಡುವಿನಿಂದಲೇ ತೂರಿಸಿಕೊಂಡು ಹೋದಾಗ, ಅವಮಾನವೆಂದು ಮುನಿಯದೆ, ಇವನನ್ನು ಕೂಡಲೇ ಸೇರಿಸಿಕೊಳ್ಳಿ ಎಂದು ಅವರೇ ಒತ್ತಾಯಿಸಿದರಂತೆ.

1962ರಲ್ಲಿ ಚಿಲಿಯಲ್ಲಿ ವಿಶ್ವಕಪ್ ಆಡುವಾಗ ಅವರಿಗೆ 37 ವರ್ಷ. ಗಾಯಗೊಂಡ ಪೆಲೆ ಹೊರಗುಳಿದಿದ್ದ, ವಿನ್ಯಾ ಡೆಲ್ ಮಾರ್ ನಗರದ ಸ್ಪೇನ್ ವಿರುದ್ಧದ ಪಂದ್ಯದಲ್ಲಿ ಬ್ರೆಜಿಲ್ ಒಂದು ಗೋಲಿನಿಂದ ಹಿಂದಿದ್ದಾಗ, ಅವರು ಕೊಯಾರ್ ಎಂಬ ಆಟಗಾರನನ್ನು ಪೆನಾಲ್ಟಿ ಬಾಕ್ಸಿನೊಳಗೇ ಕೆಡವಿದರು. ಗೋಲಿನ ಮುಂದೆ ಎಳೆದಿರುವ ಈ ಆಯತದೊಳಗೆ ರಕ್ಷಕನು ತಪ್ಪೆಸಗಿದರೆ ಎದುರಾಳಿಗೆ ಗೋಲ್‌ಕೀಪರನೊಬ್ಬನೇ ಅಡ್ಡ ನಿಲ್ಲುವ ಪೆನಾಲ್ಟಿ ದೊರೆಯುತ್ತದೆ. ಗೆರೆಯ ಆಚೆಗಾದರೆ ಬರಿಯ ಫ್ರೀ ಕಿಕ್. ಸಾಂಟೊಸ್ ಪ್ರತಿಭಟಿಸಲಿಲ್ಲ, ಓಡಲೂ ಇಲ್ಲ. ಕೈಗಳನ್ನು ಮೇಲೆತ್ತಿ, ಏನೂ ಅರಿಯದವರಂತೆ ಮೆಲ್ಲನೆ ಎರಡು ಹೆಜ್ಜೆ ಮುಂದಿಟ್ಟು ಗೆರೆಯ ಹೊರಗೆ ನಿಂತರು. ದೂರದಿಂದ ಬಂದ ರೆಫರಿ ಅವರು ನಿಂತಲ್ಲಿಯೇ ತಪ್ಪು ನಡೆಯಿತೆಂದು ಬಗೆದು ಫ್ರೀ ಕಿಕ್ ಕೊಟ್ಟರು. ಬಳಿಕ ಅಮರಿಲ್ಡೊ ಎರಡು ಗೋಲು ಹೊಡೆದು, ಬ್ರೆಜಿಲ್ 2-1ರಿಂದ ಗೆದ್ದು, ಮುಂದೆ ಕಪ್ಪನ್ನೂ ಉಳಿಸಿಕೊಂಡಿತು. ಇದನ್ನು ಜಾಣತನವೆಂದು ಮೆಚ್ಚುವವರು ಹೆಚ್ಚು. ಆದರೆ ಸ್ಪೇನಿಗೆ ನ್ಯಾಯವಾಗಿ ಸಲ್ಲಬೇಕಾದುದು ತಪ್ಪಿತೆಂಬುದನ್ನು ಒಪ್ಪಲೇಬೇಕು, ಮತ್ತು ಅವರ ನಿಜವಾದ ಹಿರಿಮೆಗೆ ಈ ಎರಡು ಹೆಜ್ಜೆಗಳಿಗಿಂತ ಆಸ್ಟ್ರಿಯದ ವಿರುದ್ಧದ ಆ ಓಟವೇ ಒಳ್ಳೆಯ ಸಾಕ್ಷಿ.

2013ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಮೊದಲೇ, 1998ರಲ್ಲಿ ಆರಿಸಲಾದ ಇಪ್ಪತ್ತನೆಯ ಶತಮಾನದ ವಿಶ್ವ ತಂಡದಲ್ಲಿ ಎಡಬದಿಯ ರಕ್ಷಕನ ಸ್ಥಾನ ಅವರಿಗೆ ಸಂದಿತ್ತು. ಬಲಬದಿಗೆ ಆಯ್ಕೆಯಾದವರು ಕಾರ್ಲೊಸ್ ಆಲ್ಬರ್ಟೊ. 1970ರ ವಿಶ್ವಕಪ್ ಫೈನಲ್‌ನಲ್ಲಿ ಹಿಂದಿನಿಂದ ಓಡಿಬಂದು ಇಟಲಿಯ ವಿರುದ್ಧ ನಾಲ್ಕನೆಯ ಗೋಲನ್ನು ಹೊಡೆದ ಈ ಫುಲ್‌ಬ್ಯಾಕನ್ನು ಹಿಂದಕ್ಕೆ ಕರೆಯಬೇಕೆಂದು ಆ ಹೊತ್ತಿಗೆ ಬ್ರೆಜಿಲಿನ ಯಾವ ತರಬೇತುದಾರನಿಗೂ ಅನ್ನಿಸುತ್ತಿರಲಿಲ್ಲ.